ಈರುಳ್ಳಿ ಸಿಪ್ಪೆಯ ಬಣ್ಣ

ಅಮೆರಿಕದ ಕ್ಯಾಂಪ್‌ಬೆಲ್‌ನ ನಮ್ಮ ಮನೆಯೊಳಗೆ ಬರಲು ಮೂರು ದಾರಿಗಳಿದ್ದವು. ರಸ್ತೆಗೆ ಮುಖ ಮಾಡಿದ ಮುಂಬಾಗಿಲು, ಹಿತ್ತಲಿಗೆ ತೆರೆದುಕೊಳ್ಳುವ ಗಾಜಿನ ಜಾರುಬಾಗಿಲು, ಮತ್ತೆ ಗರಾಜಿನಿಂದ ನೇರವಾಗಿ ಅಡುಗೆಮನೆಗೆ ಬರುವ ಒಂದು ಸಣ್ಣ ಬಾಗಿಲು. ಆ ಕಡೆಯ ಊರುಗಳಲ್ಲಿ ಮನೆಯವರು ಓಡಾಡುವುದು ಬಹುಮಟ್ಟಿಗೆ ಗರಾಜಿನಿಂದಲೇ. ಕಾರನ್ನು ಒಳಗೆ ತಂದು ನಿಲ್ಲಿಸಿ, ಗ್ರೋಸರಿ ಚೀಲ ಎತ್ತಿಕೊಂಡು, ಹಾಗೇ ಅಡುಗೆಮನೆಗೆ ಬಂದುಬಿಡುತ್ತಾರೆ. ಮುಂಬಾಗಿಲು ಇರುವುದು ನೆಂಟರಿಗೆ. ಹಾಗಾಗಿ ನನ್ನ ಸೋದರತ್ತೆ ಒಂದು ದಿನವೂ ಆ ಮನೆಯ ಮುಂಬಾಗಿಲಿನಿಂದ ಒಳಗೆ ಬಂದಿಲ್ಲ ಎಂಬುದು ಯಾರ ಗಮನಕ್ಕೂ ಬರದೆ ಇರಬಹುದಿತ್ತು. ಅಣ್ಣನ ಗಮನಕ್ಕೆ ಬಂತು. ಅಣ್ಣ ಎಂದರೆ ನನ್ನ ತಂದೆ. ಹಾಸನದ ನಮ್ಮ ಮನೆಗಳಲ್ಲಿ ತಂದೆಯನ್ನು ಹಾಗೇ ಕರೆಯುವುದು. ಅವರು ಅದನ್ನು ಸರಿಮಾಡಲು ಹೊರಟರು. ಅದು ಸರಿಯಾಗದಂತೆ ಮಾಡಿದವನು ನಾನು. ಅರವತ್ತು ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೇಳಬೇಕಾಗಿದ್ದವರು ಯಾರೂ ಈಗ ಇಲ್ಲ, ಆದ್ದರಿಂದ ಇದರಲ್ಲಿ ನನ್ನ ಧೈರ್ಯವೇನೂ ಇಲ್ಲ.

ಮನೆ ದೊಡ್ಡದಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಮನೆಗಳ ಸಾಲಿನಲ್ಲಿ ಅದೂ ಒಂದು. ಹಿಂದೆ ಅಲ್ಲೆಲ್ಲ ಹಣ್ಣಿನ ತೋಟಗಳಿದ್ದವಂತೆ. ಅದರ ಗುರುತಿಗೆ ನಮ್ಮ ಹಿತ್ತಲಲ್ಲಿ ಒಂದು ಪ್ಲಮ್ ಮರ ಉಳಿದಿತ್ತು. ಮಲಗುವ ಕೋಣೆಗಳು ಎರಡು. ಒಂದು ಅಣ್ಣ ಅಮ್ಮನದು. ಇನ್ನೊಂದು ನನ್ನದು ಎಂದು ಮನೆ ಕೊಳ್ಳುವ ಮೊದಲೇ ಅಣ್ಣ ಹೇಳಿದ್ದರು. ಅದುವರೆಗೆ ನಾಲ್ಕು ವರ್ಷ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೋಫಾದ ಮೇಲೆ ಮಲಗಿದವನು ನಾನು. ಅಣ್ಣ ಸೆಕೆಂಡ್ ಶಿಫ್ಟಿನಿಂದ ಬಂದು ದೀಪ ಹಾಕಿದರೆ ನನಗೆ ಎಚ್ಚರವಾಗುತ್ತಿತ್ತು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯ ಆಸೆ ಹದಿನೈದರ ಹುಡುಗನಿಗೆ ಎಷ್ಟಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಮನೆಗೆ ಸಾಮಾನು ಸಾಗಿಸುವುದಕ್ಕೆ ಹದಿನೈದು ದಿನ ಮೊದಲು ಅತ್ತೆ ಹಾಸನದಿಂದ ಬಂದಳು. ಕೋಣೆ ಇಬ್ಬರದಾಯಿತು.

ಅತ್ತೆಯ ಹೆಸರು ಶಾರದೆ. ಅಣ್ಣನಿಗಿಂತ ಹತ್ತು ವರ್ಷ ದೊಡ್ಡವಳು. ಇಪ್ಪತ್ತನೆಯ ವಯಸ್ಸಿಗೆ ಗಂಡ ತೀರಿಕೊಂಡಿದ್ದ. ಆಮೇಲಿನ ಮೂವತ್ತು ವರ್ಷ ಗಂಡನ ಮನೆಯಲ್ಲೇ ಇದ್ದು, ಮೈದುನಂದಿರ ಮಕ್ಕಳಿಗೆ ಅನ್ನ ಬೇಯಿಸಿ ಹಾಕಿದ್ದಳು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಡುವಾಗ ಎದುರಾಗಬಾರದೆಂದು ಆ ಮನೆಯಲ್ಲಿ ಅವಳ ಓಡಾಟವೆಲ್ಲ ಹಿತ್ತಲ ಬಾಗಿಲಲ್ಲಿ. ಇದನ್ನು ಅವಳು ದೂರಾಗಿ ಹೇಳಿದ್ದು ನಾನು ಕೇಳಿಲ್ಲ. ಬಚ್ಚಲು ಎಡಗಡೆ, ದೇವರ ಮನೆ ಬಲಗಡೆ ಎಂಬಷ್ಟೇ ಸಹಜವಾಗಿ ಹೇಳುತ್ತಿದ್ದಳು. ನಮ್ಮ ಕೋಣೆಯಲ್ಲಿ ಅವಳು ಮಂಚ ಬೇಡವೆಂದು ಕಾರ್ಪೆಟ್ಟಿನ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಬಟ್ಟೆ ಇಡುವ ಮರದ ಪೆಟ್ಟಿಗೆಯಲ್ಲಿ ನಾಲ್ಕು ಖಾನೆಗಳಿದ್ದವು. ಎಲ್ಲಕ್ಕಿಂತ ಕೆಳಗಿನ ಒಂದನ್ನು ಮಾತ್ರ ತೆಗೆದುಕೊಂಡು ಅದರಲ್ಲಿ ನಾಲ್ಕು ಸೀರೆ, ಒಂದು ಜಪಮಾಲೆ, ಒಂದು ಉಂಡೆ ಹೂ ಕಟ್ಟುವ ದಾರ ಇಟ್ಟುಕೊಂಡಿದ್ದಳು. ಬೆಳಗ್ಗೆ ಐದಕ್ಕೆ ಎದ್ದು ಗೋಡೆಯ ಕಡೆ ತಿರುಗಿ, ನನಗೆ ತೊಂದರೆಯಾಗದಂತೆ ಎಂದುಕೊಂಡು, ಪಿಸುದನಿಯಲ್ಲಿ ಸ್ತೋತ್ರ ಹೇಳುತ್ತಿದ್ದಳು. ಆ ಪಿಸುದನಿ ನನಗೆ ಗಟ್ಟಿ ದನಿಗಿಂತ ಹೆಚ್ಚು ತೊಂದರೆ ಕೊಡುತ್ತಿತ್ತು. ಸ್ಕೂಲಿನ ಗೆಳೆಯರನ್ನು ಮನೆಗೆ ಕರೆಯುವುದನ್ನು ನಾನು ನಿಲ್ಲಿಸಿದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಅವಳ ಕಣ್ಣು ಮಂಜಾಗುತ್ತಿತ್ತು. ಊರಿನಿಂದ ಉಪ್ಪಿನಕಾಯಿ ಜಾಡಿಗೆ ಸುತ್ತಿಕೊಂಡು ಬಂದಿದ್ದ ಹಳೆಯ ಕನ್ನಡ ವಾರಪತ್ರಿಕೆಗಳ ಹಾಳೆಗಳನ್ನು ಅವಳು ಎಣ್ಣೆಯ ಕಲೆ ಒರೆಸಿ ಮಡಿಸಿ ಇಟ್ಟಿದ್ದಳು. ಸಂಜೆ ನಾನು ಅವನ್ನು ಓದಿ ಹೇಳಬೇಕು. ಕಥೆಯ ಕೊನೆ ಬೇರೆ ಹಾಳೆಯಲ್ಲಿದ್ದು ಅದು ಊರಲ್ಲೇ ಉಳಿದಿದ್ದರೆ, ಕೊನೆಯನ್ನು ಅವಳೇ ಹೇಳುತ್ತಿದ್ದಳು. ಆರನೆಯ ಕ್ಲಾಸಿಗೆ ನಿಂತುಹೋಗಿದ್ದ ನನ್ನ ಕನ್ನಡ ಮುಂದುವರಿದದ್ದು ಆ ಎಣ್ಣೆ ಕಾಗದಗಳಲ್ಲಿ. ಇದನ್ನು ನಾನು ಈ ಭಾಷೆಯಲ್ಲಿ ಬರೆಯಬಲ್ಲೆ ಎಂದರೆ ಅದಕ್ಕೆ ಅವಳೇ ಕಾರಣ.

ಗೃಹಪ್ರವೇಶದ ದಿನ ಅಣ್ಣನ ಆಫೀಸಿನ ಒಬ್ಬ ಎಂಜಿನಿಯರು ಪುಸ್ತಕ ನೋಡಿಕೊಂಡು ಮಂತ್ರ ಹೇಳಿದರು. ಅಮ್ಮ ಹೊಸಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟಳು. ಮಾವಿನೆಲೆ ಸಿಗದೆ ಪ್ಲಮ್ ಎಲೆಯ ತೋರಣ ಕಟ್ಟಿದ್ದರು. ಕರೆಂಟಿನ ಒಲೆಯ ಮೇಲೆ ಹಾಲು ಉಕ್ಕಿಸಿದಾಗ ಅದು ಸುರುಳಿಯ ಮೇಲೆ ಬಿದ್ದು ಹೊತ್ತಿ, ಹೊಗೆಯ ಅಲಾರಮು ಹೊಡೆದುಕೊಂಡಿತು. ಬಂದವರೆಲ್ಲ ನಕ್ಕರು, ಅಣ್ಣ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತರು. ಆ ಗಲಾಟೆಯಲ್ಲಿ ಅತ್ತೆ ಎಲ್ಲಿದ್ದಳೆಂದು ಯಾರೂ ಕೇಳಲಿಲ್ಲ. ಊಟಕ್ಕೆ ಎಲೆ ಹಾಕುವಾಗ ಅವಳು ಅಡುಗೆಮನೆಯಲ್ಲಿ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದಳು. ಅಣ್ಣ ಆಗ ಕೇಳಿದರು.

"ಅಕ್ಕ, ನೀನು ಯಾವಾಗ ಒಳಗ್ ಬಂದೆ?"

"ಬಂದೆ ಕಣೋ. ಹಾಲುಕ್ಕಿದ ಮೇಲೆ ಬಂದೆ."

"ಎಲ್ಲಿಂದ ಬಂದೆ?"

"ಇಲ್ಲೇ, ಕಾರಿನ ಕೊಟ್ಟಿಗೆಯಿಂದ."

ಗರಾಜಿಗೆ ಅವಳಿಟ್ಟ ಹೆಸರು ಅದು. ಪೂಜೆ ಮುಗಿಯುವವರೆಗೆ ಅವಳು ಅಲ್ಲಿ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ, ಕಾರಿನ ಪಕ್ಕದಲ್ಲಿ ಕೂತಿದ್ದಳು. ಅಣ್ಣ ಎಲೆಯ ಮುಂದೆ ಕೂತರು. ಊಟ ಸೇರಲಿಲ್ಲ. ಅವರು ಆರೇಳು ವರ್ಷದ ಹುಡುಗನಾಗಿದ್ದಾಗ ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದವಳು ಈ ಅಕ್ಕ.

ಅವಳಿಗೆ ಆರು ತಿಂಗಳು ಇರಲು ಅನುಮತಿ ಇತ್ತು. ಅದನ್ನು ಮುಂದುವರಿಸಿ, ಆಮೇಲೆ ಕಾಯಂ ಆಗಿ ಉಳಿಸಿಕೊಳ್ಳುವ ದಾರಿ ಹುಡುಕಬೇಕೆಂದು ಅಣ್ಣನ ಆಸೆ. ಅಮ್ಮನದೂ ಅದೇ. ಅಮ್ಮ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯೊಂದರಲ್ಲಿ ದಿನವಿಡೀ ಭೂತಗನ್ನಡಿಯ ಕೆಳಗೆ ತಂತಿ ಬೆಸೆಯುತ್ತಿದ್ದಳು; ಬೆಸುಗೆಯ ವಾಸನೆಯ ಕೈಯಲ್ಲಿ ಮನೆಗೆ ಬಂದರೆ ಬಿಸಿ ಸಾರು ಸಿಗುತ್ತಿತ್ತು. ಆದರೆ ಬರೀ ಸಾರಿಗಾಗಿ ಅಲ್ಲ. ಅವರಿಬ್ಬರೂ ಕೂತು ನಗುತ್ತಿದ್ದುದನ್ನು ನಾನು ಕೇಳಿದ್ದೇನೆ. ಅಮ್ಮ ಬೇರೆ ಯಾರೊಂದಿಗೂ ಹಾಗೆ ನಗುತ್ತಿರಲಿಲ್ಲ. ಅವಧಿ ಮುಂದುವರಿಸುವ ಕಾಗದ ಫ್ರಿಜ್ಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಇತ್ತು. ಅತ್ತೆಯ ರುಜು ಒಂದು ಬೇಕಾಗಿತ್ತು. ಅವಳು ನೋಡೋಣ ನೋಡೋಣ ಎನ್ನುತ್ತಿದ್ದಳು.

ಗೃಹಪ್ರವೇಶವಾದ ವಾರ, ಊಟದ ಮೇಜಿನ ಮೇಲೆ ಅಣ್ಣ ಬಾಗಿಲಿನ ಮಾತೆತ್ತಿದರು. ಹಿಂದಿನ ಮಾಲೀಕರು ಮುಂಬಾಗಿಲಿಗೆ ಬಳಿದಿದ್ದ ಕಂದು ಬಣ್ಣ ಬಿಸಿಲಿಗೆ ಗುಳ್ಳೆಯೆದ್ದು ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು.

"ಅಕ್ಕ, ಬಾಗಿಲಿಗೆ ಬಣ್ಣ ಹೊಡೀಬೇಕು. ಯಾವ ಬಣ್ಣ ಅಂತ ನೀನೇ ಹೇಳು. ಒಣಗಿದ ದಿನ ಮೊದಲು ನೀನು ಒಳಗೆ ಬರ್ಬೇಕು, ನಿನ್ನ ಹಿಂದೆ ನಾವು."

"ನಂಗ್ಯಾಕೋ ಅದೆಲ್ಲ. ಲಲಿತನ್ನ ಕೇಳು."

ಅಮ್ಮ ಮಜ್ಜಿಗೆ ಬಡಿಸುತ್ತಿದ್ದವಳು ಹೇಳಿದಳು:

"ನನ್ನ ಕೇಳಿದ್ರೆ ಬಿಳಿ ಅಂದ್ಬಿಡ್ತೀನಿ, ಆಮೇಲೆ ವಾರಕ್ಕೊಂದ್ಸಲ ನಾನೇ ಒರೆಸ್ತಾ ಕೂತ್ಕೋಬೇಕು. ನೀವೇ ಹೇಳಿ ಅತ್ತಿಗೆ."

ಅವಳು ಎರಡು ದಿನ ತೆಗೆದುಕೊಂಡಳು. ಮೂವತ್ತು ವರ್ಷ ಯಾರೂ ಯಾವುದನ್ನೂ ಆರಿಸು ಎಂದು ಕೇಳಿರದವಳಿಗೆ ಎರಡು ದಿನ ಹೆಚ್ಚಲ್ಲ. ಮೂರನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ, ಸೌಟಿನ ಕಡೆ ನೋಡಿಕೊಂಡು, ಈರುಳ್ಳಿ ಸಿಪ್ಪೆ ಬಣ್ಣ ಎಂದಳು. ಅಮ್ಮನಿಗೆ ನಗು ತಡೆಯಲಿಲ್ಲ. ಅತ್ತೆ ಈರುಳ್ಳಿ ತಿನ್ನುವವಳಲ್ಲ, ಮುಟ್ಟುವವಳೂ ಅಲ್ಲ. ನಮಗೆಂದು ಅಮ್ಮ ಈರುಳ್ಳಿ ಹುಳಿ ಮಾಡುವ ದಿನ ಜಾರುಬಾಗಿಲು ತೆರೆದು ಪ್ಲಮ್ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದಳು.

"ಅಲ್ಲ ಅತ್ತಿಗೆ, ಈರುಳ್ಳಿ ಅಂದ್ರೆ ಮೂಗು ಮುಚ್ಕೋತೀರಿ, ಈಗ ಬಾಗಿಲಿಗೇ ಮೆತ್ಬೇಕಾ?"

"ತಿನ್ನಕ್ಕಲ್ವಲ್ಲ ಲಲಿತ, ನೋಡಕ್ಕೆ."

ಅಣ್ಣ ಮಾತ್ರ ನಗಲಿಲ್ಲ. ತುತ್ತು ಕೈಯಲ್ಲೇ ಹಿಡಿದುಕೊಂಡು, ನಡುಮನೆ ಪರದೆ, ಎಂದರು. ಅತ್ತೆ ಹೂಂ ಎಂದಳು. ಆಮೇಲೆ ಅಣ್ಣ ನಮಗೆ ಹೇಳಿದರು. ಮದುವೆಯಾದ ವರ್ಷದ ದೀಪಾವಳಿಗೆ ಅಜ್ಜಿ ಅತ್ತೆಗೆ ಆ ಬಣ್ಣದ ಸೀರೆ ತಂದಿದ್ದರು. ಸೀರೆ ಅಂಗಡಿಯವರು ಈರುಳ್ಳಿ ಸಿಪ್ಪೆ ಎಂದೇ ಕರೆಯುವ ಬಣ್ಣ. ಕೆಂಪಲ್ಲ, ಗುಲಾಬಿಯಲ್ಲ, ನೇರಳೆಯೂ ಅಲ್ಲ, ಬೆಳಕಿಗೊಂದು ನೆರಳಿಗೊಂದು ಕಾಣುತ್ತದೆ. ಅದನ್ನು ಎರಡು ಸಲ ಉಟ್ಟಿರಬಹುದು. ಗಂಡ ಸತ್ತ ಮೇಲೆ ಬಣ್ಣದ ಸೀರೆ ಉಡುವ ಹಾಗಿರಲಿಲ್ಲ. ಅಜ್ಜಿ ಅದನ್ನು ಯಾರಿಗೂ ಕೊಡಲು ಮನಸ್ಸಾಗದೆ, ಕತ್ತರಿಸಿ ಹಾಸನದ ತವರುಮನೆಯ ನಡುಮನೆಯ ಬಾಗಿಲಿಗೆ ಪರದೆ ಹೊಲಿದು ಹಾಕಿದರು. ಅಣ್ಣ ಹೈಸ್ಕೂಲು ಮುಗಿಸುವವರೆಗೆ ಆ ಪರದೆಯನ್ನು ನೋಡುತ್ತ ನಿದ್ದೆ ಹೋಗಿದ್ದರು. ಹೇಳಿ ಮುಗಿದ ಮೇಲೆ ಅತ್ತೆ ಫ್ರಿಜ್ಜಿನ ಕಡೆ ನೋಡಿ, ಯಾರೂ ಕೇಳದಿದ್ದರೂ ಹೇಳಿದಳು:

"ಬಾಗಿಲ ಕೆಲಸ ಆಗ್ಲಿ. ಅದ್ರಲ್ಲಿ ಒಳಗೆ ಬಂದು ಕೂತು, ಆಮೇಲೆ ಆ ಕಾಗದಕ್ಕೆ ರುಜು ಹಾಕ್ತೀನಿ."

ಅಮ್ಮನ ಮುಖ ಅರಳಿತು. ನಾನು ಅನ್ನ ಕಲಸುತ್ತಿದ್ದೆ. ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು.

ಅಲ್ಲಿಯ ಅಂಗಡಿಗಳಲ್ಲಿ ಮಾಮೂಲಿಯಾಗಿ ಸಿಗುವ ಈರುಳ್ಳಿಯ ಸಿಪ್ಪೆ ಒಣಹುಲ್ಲಿನ ಬಣ್ಣದ್ದು. ನಮ್ಮೂರಿನಂಥ ಕೆಂಪು ಈರುಳ್ಳಿಯನ್ನು ಸ್ಯಾಲಡ್ ಸೊಪ್ಪಿನ ಪಕ್ಕದಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದರು. ಅತ್ತೆ ನನ್ನನ್ನೇ ಕಳಿಸಿ ಅಂಥದೊಂದನ್ನು ತರಿಸಿದಳು. ನಮ್ಮೂರ ಥರದ್ದು, ಕೆಂಪನೇದು, ಹುಲ್ಲಿನ ಬಣ್ಣದ್ದಲ್ಲ ಎಂದು ಎರಡು ಸಲ ಹೇಳಿದಳು. ನಾನು ಸೈಕಲ್ಲಿನಲ್ಲಿ ಹೋಗಿ ಒಳ್ಳೆಯದನ್ನೇ ಆರಿಸಿ ತಂದೆ. ಅವಳು ಹಿತ್ತಲಲ್ಲಿ ಪೇಪರು ಹಾಸಿಕೊಂಡು ಕೂತು, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಬೆರಳ ತುದಿಯಲ್ಲಿ ಸಿಪ್ಪೆ ಬಿಡಿಸಿದಳು. ಎರಡು ಪದರ ಬಿಸಾಡಿ ಮೂರನೆಯದನ್ನು ಇಟ್ಟುಕೊಂಡಳು. ಅದನ್ನು ನಮ್ಮ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ನೆರಳಲ್ಲಿ ಒಂದು ದಿನ ಆರಿಸಿ, ವಾರಪತ್ರಿಕೆಯ ಒಂದು ತುಂಡು ಹಾಳೆಯಲ್ಲಿ ಮಡಿಸಿ, ಹೂ ಕಟ್ಟುವ ದಾರ ಸುತ್ತಿ ಗಂಟು ಹಾಕಿದಳು. ಮಲ್ಲಿಗೆ ದಂಡೆಯ ಕೊನೆಗೆ ಹಾಕುವ ಗಂಟು ಅದು; ಮೂರು ಸುತ್ತು ಸುತ್ತಿ ನಡುವೆ ತೂರಿಸಿ ಎಳೆಯುವುದು. ನನಗೂ ಒಮ್ಮೆ ಕಲಿಸಲು ನೋಡಿದ್ದಳು, ಬಂದಿರಲಿಲ್ಲ. ಆಮೇಲೆ ಎರಡನೆಯ ಸಲ ಸ್ನಾನ ಮಾಡಿ ಬಂದು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು.

"ಅಂಗಡಿಯೋನ ಕೈಗೆ ಕೊಡು ಮಗು. ಮಾತಲ್ಲಿ ಹೇಳಿದ್ರೆ ತಪ್ಪಾಗತ್ತೆ. ಕಣ್ಣಲ್ಲಿ ನೋಡ್ಲಿ."

ಶನಿವಾರ ಬೆಳಗ್ಗೆ ಅಣ್ಣ ನಮ್ಮಿಬ್ಬರನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಅತ್ತೆ ಕಾರಿನಿಂದ ಇಳಿಯಲಿಲ್ಲ. ಅಣ್ಣ ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹಳೆಯ ಬಣ್ಣ ಉಜ್ಜುವ ಉಪ್ಪುಕಾಗದ, ಬ್ರಷ್ಷು ತರಲು ಹೋದರು. ಅಣ್ಣನ ಇಂಗ್ಲಿಷಿಗೆ ಎದುರಿನವರು ಎರಡು ಸಲ ಏನು ಎಂದು ಕೇಳುತ್ತಿದ್ದ ಕಾಲ ಅದು; ಹೊರಗಿನ ಮಾತುಕತೆಯೆಲ್ಲ ನನ್ನ ಪಾಲಿಗೆ ಬಂದಿತ್ತು. ಬಣ್ಣದ ಅಂಗಡಿಯ ಮುದುಕ ಒಳ್ಳೆಯವನು, ಅವಸರವಿಲ್ಲದವನು. ಯಾವ ಬಣ್ಣ ಬೇಕು ಎಂದ. ನನ್ನ ಜೀನ್ಸಿನ ಜೇಬಿನಲ್ಲಿ ಪೊಟ್ಟಣವಿತ್ತು, ಅದರ ಮೇಲೆ ನನ್ನ ಕೈಯಿತ್ತು. ಆನಿಯನ್ ಸ್ಕಿನ್ ಎಂದೆ. ಅವನು ಖುಷಿಯಿಂದ ತಲೆಯಾಡಿಸಿದ. ಇಂಥ ಪರೀಕ್ಷೆ ಅವನಿಗೆ ಇಷ್ಟವಿರಬೇಕು. ಯಾವ ಈರುಳ್ಳಿ, ಮಾಮೂಲಿಯದೇ ತಾನೇ, ಎಂದು ಕೇಳಿದ.

ಹೌದು, ಮಾಮೂಲಿಯದೇ, ಎಂದೆ.

ಅವನು ಡಬ್ಬಿಗೆ ಒಂದೆರಡು ಬಣ್ಣದ ಹನಿ ಬಿಟ್ಟು, ಯಂತ್ರದಲ್ಲಿಟ್ಟು ಅಲ್ಲಾಡಿಸಿ, ಮುಚ್ಚಳ ತೆರೆದು, ಬೆರಳಿನಿಂದ ಮುಚ್ಚಳದ ಮೇಲೊಂದು ಬೊಟ್ಟು ಇಟ್ಟು ತೋರಿಸಿದ. ಒಣಹುಲ್ಲಿನ ಬಣ್ಣ. ಆ ಬೀದಿಯಲ್ಲಿ ಆಗಲೇ ಅಂಥ ನಾಲ್ಕು ಬಾಗಿಲುಗಳಿದ್ದವು. ಸರಿಯಾಗಿದೆಯೇ ಎಂದ. ಸರಿಯಾಗಿದೆ ಎಂದೆ.

ಇದನ್ನು ನಾನು ನಾಚಿಕೆಯಿಂದ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸ್ಕೂಲಿನ ದಾರಿಯಲ್ಲಿ ಗುಲಾಬಿ ಬಾಗಿಲಿನ ಒಂದು ಮನೆಯಿತ್ತು. ಹುಡುಗರು ಅದನ್ನು ಬಬಲ್‌ಗಮ್ ಮನೆ ಎನ್ನುತ್ತಿದ್ದರು, ಆ ಮನೆಯ ಹುಡುಗನಿಗೂ ಅದೇ ಹೆಸರು. ನಮ್ಮ ಮನೆಯ ಮುಂದೆ ಅಮ್ಮ ಇಟ್ಟ ರಂಗೋಲಿ ನೋಡಿ ಎದುರು ಮನೆಯ ಹುಡುಗ, ಹಿಟ್ಟು ಚೆಲ್ಲಿದೆ ನೋಡು ಎಂದು ನನಗೆ ಸಹಾಯ ಮಾಡುವವನಂತೆ ಹೇಳಿದ್ದ. ಇದೆಲ್ಲ ನಿಜ. ಆದರೆ ಅಂಗಡಿಯಲ್ಲಿ ನಿಂತಿದ್ದಾಗ ನನ್ನ ತಲೆಯಲ್ಲಿ ಎದುರು ಮನೆಯ ಹುಡುಗ ಇರಲಿಲ್ಲ. ಉಪ್ಪಿನ ಡಬ್ಬಿಯ ಕೆಳಗಿನ ಕಾಗದ ಇತ್ತು. ಬಾಗಿಲಿಗೆ ಆ ಬಣ್ಣ ಬಂದರೆ ಅವಳು ಒಳಗೆ ಬರುತ್ತಾಳೆ, ಒಳಗೆ ಬಂದರೆ ರುಜು ಹಾಕುತ್ತಾಳೆ, ರುಜು ಹಾಕಿದರೆ ಆ ಚಾಪೆ ಅಲ್ಲೇ ಇರುತ್ತದೆ. ಇಷ್ಟನ್ನು ನಾನು ಲೆಕ್ಕದ ಮಾಸ್ತರರ ಮುಂದೆ ಹೇಳಿದಷ್ಟು ಸ್ಪಷ್ಟವಾಗಿ ಯೋಚಿಸಿದ್ದೆ.

ಮನೆಗೆ ಬಂದು ಡಬ್ಬಿ ತೆರೆದಾಗ ಅಣ್ಣ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಅತ್ತೆ ಹಾಲಿನಲ್ಲಿ, ತೆರೆದ ಮುಂಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ ನಿಂತಿದ್ದಳು.

"ಇದೇನೋ ಶ್ರೀಧರ, ಇದು?"

"ಈರುಳ್ಳಿ ಸಿಪ್ಪೆ ಅಂದೆ. ಅವನು ಇದನ್ನ ಕೊಟ್ಟ."

"ಅಕ್ಕನ ಪೊಟ್ಟಣ ತೋರಿಸಿದ್ಯಾ?"

ಅಲ್ಲಿಯವರೆಗೆ ನಾನು ಸುಳ್ಳು ಹೇಳಿರಲಿಲ್ಲ, ಇಂಗ್ಲಿಷಿಗೆ ತಿರುಗಿಸಿದ್ದೆ ಅಷ್ಟೇ ಎಂದು ಬೇಕಾದರೆ ವಾದಿಸಬಹುದಿತ್ತು.

"ತೋರಿಸಿದೆ. ಬಿಚ್ಚಿ ನೋಡಿದ. ಹತ್ತಿರದ್ದು ಅಂದ್ರೆ ಇದೇ ಅಂದ."

ಬೆರೆಸಿದ ಬಣ್ಣವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಣ್ಣ ತಲೆ ಕೆರೆದುಕೊಂಡು ಅಕ್ಕನ ಕಡೆ ತಿರುಗಿದರು. ಅವಳು, ತಂದಾಗಿದೆಯಲ್ಲ, ಬಳೀರಿ, ಎಂದು ಅಡುಗೆಮನೆಗೆ ಹೋದಳು. ಅಣ್ಣನೂ ನಾನೂ ಮಧ್ಯಾಹ್ನದವರೆಗೆ ಹಳೆಯ ಬಣ್ಣ ಉಜ್ಜಿ ತೆಗೆದೆವು. ಅಣ್ಣ ಬಳಿದ ಕಡೆ ಬ್ರಷ್ಷಿನ ಗೆರೆ ಬೀಳುತ್ತಿತ್ತು. ನಾನು ಬಳಿದ ಕಡೆ ಇಲ್ಲ. ಅವರು ಹಿಂದೆ ಸರಿದು ನೋಡಿ ಬ್ರಷ್ಷನ್ನು ನನಗೇ ಕೊಟ್ಟುಬಿಟ್ಟರು. ಕೈ ಚೆನ್ನಾಗಿದೆ ಕಣೋ ನಿಂದು, ಎಂದರು. ಅವರಿಂದ ಆ ಥರದ ಮಾತು ನಾನು ಕೇಳಿದ್ದು ಕಡಿಮೆ. ಅಮ್ಮ ಕಾಫಿ ತಂದು ಬಾಗಿಲು ನೋಡಿ, ಅಮೆರಿಕದ ಈರುಳ್ಳಿಗೆ ಅಮೆರಿಕದ ಸಿಪ್ಪೆ ಬಿಡಿ, ಎಂದಳು. ಎಲ್ಲರೂ ನಕ್ಕೆವು. ಒಳಗಿನಿಂದ ಅತ್ತೆಯೂ ನಕ್ಕಿದ್ದು ಕೇಳಿಸಿತು.

ಭಾನುವಾರ ಬಾಗಿಲು ಒಣಗಿತು. ಅಣ್ಣ ಅವಳನ್ನು ಕರೆದರು. ಇವತ್ತು ಬೇಡ, ಮನೆಯಲ್ಲಿ ಮಜ್ಜಿಗೆ ಹೆಪ್ಪು ಕೆಟ್ಟಿದೆ, ಇನ್ನೊಂದು ದಿನ, ಎಂದು ಏನೋ ಹೇಳಿದಳು. ಇನ್ನೂ ತೀರ್ಮಾನಿಸಿರಲಿಲ್ಲ ಎಂದು ಈಗ ನನಗನ್ನಿಸುತ್ತದೆ. ಹುಲ್ಲಿನ ಬಣ್ಣವನ್ನೇ ಒಪ್ಪಿಕೊಂಡುಬಿಡುತ್ತಿದ್ದಳೋ ಏನೋ. ಸೋಮವಾರ ಬಟ್ಟೆ ಒಗೆಯುವ ದಿನ. ನಮ್ಮ ಬಟ್ಟೆಗಳನ್ನು ಗರಾಜಿನ ಮೆಷಿನ್ನಿಗೆ ಹಾಕುವುದು ಅವಳ ಕೆಲಸವಾಗಿತ್ತು. ಸ್ಕೂಲಿನಿಂದ ಬಂದ ಮೇಲೆ ನನಗೆ ಜೀನ್ಸಿನ ನೆನಪಾಯಿತು. ಅದು ತಂತಿಯ ಮೇಲೆ ಒಣಗುತ್ತಿತ್ತು. ಜೇಬಿನೊಳಗೆ ಕೈ ಹಾಕಿದೆ, ಏನೂ ಇರಲಿಲ್ಲ. ಕಾಗದ ನೀರಿನಲ್ಲಿ ಕರಗಿಹೋಯಿತು ಎಂದುಕೊಂಡೆ. ಸಮಾಧಾನವಾಯಿತು.

ಮುಂದಿನ ಶನಿವಾರ ಅಣ್ಣ ಬೆಳಗಿನ ತಿಂಡಿ ಮುಗಿಸಿ ಕಾರಿನ ಬೀಗದ ಕೈ ತೆಗೆದುಕೊಂಡರು. ಅವರ ಮನಸ್ಸಿಗೆ ಆ ಬಾಗಿಲು ಒಗ್ಗಿರಲಿಲ್ಲ. ತಾವೇ ಅಂಗಡಿಗೆ ಹೋಗಿ, ಸಿಪ್ಪೆ ತೋರಿಸಿ, ಎದುರಿಗೆ ನಿಂತು ಬೆರೆಸಿ ತರುತ್ತೇನೆ ಎಂದರು. ಅಂಗಡಿಯ ಮುದುಕ ಏನು ಹೇಳುತ್ತಾನೆ ಎಂಬುದು ನನಗೆ ಗೊತ್ತಿತ್ತು. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಒಂದು ಪಕ್ಕಕ್ಕೆ ದೂಡಿದೆ.

"ಅಕ್ಕ, ಆ ಪೊಟ್ಟಣ ಎಲ್ಲಿದೆ?"

"ಅದನ್ನೆಲ್ಲಿ ಇಟ್ಕೊಳೋದು, ಬಿಸಾಕ್ಬಿಟ್ಟೆ."

"ಬೇರೆ ಈರುಳ್ಳಿ ತಂದ್ರಾಯ್ತು."

"ಬೇಡ ವೆಂಕಟೇಶ. ಬಾಗಿಲು ಚೆನ್ನಾಗೇ ಇದೆ. ಮಗು ಅಷ್ಟು ನೀಟಾಗಿ ಬಳ್ದಿದಾನೆ, ಅದ್ರ ಮೇಲೆ ಇನ್ನೊಂದು ಬಳೀತೀಯಾ?"

ಅಣ್ಣ ಒತ್ತಾಯಿಸಿದರು. ಅವಳು ಸಾಮಾನ್ಯವಾಗಿ ತಮ್ಮನ ಮಾತಿಗೆ ಎದುರಾಡುವವಳಲ್ಲ. ಆ ದಿನ ಬೇಡ ಎಂದರೆ ಬೇಡ ಎಂದಳು. ಅಂಗಡಿಗೆ ಹೋದರೆ ಊಟ ಮಾಡುವುದಿಲ್ಲ ಎಂದೂ ಹೇಳಿದಳು. ಅಣ್ಣ ಬೀಗದ ಕೈಯನ್ನು ಮೊಳೆಗೆ ಸಿಕ್ಕಿಸಿದರು. ನನ್ನ ಅದೃಷ್ಟ ಎಂದುಕೊಂಡು ನಾನು ಇನ್ನೊಂದಿಷ್ಟು ಉಪ್ಪಿಟ್ಟು ಹಾಕಿಸಿಕೊಂಡೆ. ಹಾಕಿದವಳು ಅವಳೇ.

ಕಾಗದಕ್ಕೆ ರುಜು ಬೀಳಲಿಲ್ಲ. ಅಮ್ಮ ಎರಡು ಸಲ ಅದನ್ನು ಉಪ್ಪಿನ ಡಬ್ಬಿಯ ಕೆಳಗಿನಿಂದ ತೆಗೆದು ಅವಳ ಮುಂದಿಟ್ಟಳು, ಒಮ್ಮೆ ಅತ್ತಳು ಕೂಡ. ಅತ್ತೆ, ಮೈದುನನ ಮಗಳ ಮದುವೆ ಇದೆ, ನಾನಿಲ್ಲದಿದ್ದರೆ ಅಲ್ಲಿ ಅಡುಗೆಗೆ ಯಾರು, ಎಂದಳು. ಉಳಿದ ತಿಂಗಳುಗಳಲ್ಲಿ ಅವಳು ಬದಲಾಗಲಿಲ್ಲ. ಸಂಜೆ ನಾನು ಓದುತ್ತಿದ್ದೆ, ಅವಳು ಕೇಳುತ್ತಿದ್ದಳು, ಇಲ್ಲದ ಕೊನೆಗಳನ್ನು ಹೇಳುತ್ತಿದ್ದಳು. ನನ್ನ ಬಟ್ಟೆ ಮಡಿಸಿ ಇಡುತ್ತಿದ್ದಳು. ಗರಾ‌ಜಿನಿಂದ ಬರುತ್ತಿದ್ದಳು, ಹೋಗುತ್ತಿದ್ದಳು.

ಅವಳು ಹಾಸನಕ್ಕೆ ಹಿಂದಿರುಗಿ ಏಳು ವರ್ಷ ಬದುಕಿದಳು, ಅದೇ ಮನೆಯಲ್ಲಿ, ಅದೇ ಹಿತ್ತಲ ಬಾಗಿಲಲ್ಲಿ. ನನಗೆ ಬರೆಸುತ್ತಿದ್ದ ಕಾಗದಗಳಲ್ಲಿ ಓದು, ಊಟ, ಅಮ್ಮನ ಸೊಂಟ ನೋವು ಇಷ್ಟರ ವಿಚಾರ ಇರುತ್ತಿತ್ತು. ಬಾಗಿಲಿನ ಕಥೆ ನಮ್ಮ ಮನೆಯ ತಮಾಷೆಯಾಗಿ ನಿಂತಿತು. ಕನ್ನಡದವರು ಯಾರು ಮನೆಗೆ ಬಂದರೂ ಅಣ್ಣ ಮುಂಬಾಗಿಲು ತೋರಿಸಿ, ಇದು ನಮ್ಮಕ್ಕ ಹೇಳಿದ ಈರುಳ್ಳಿ ಸಿಪ್ಪೆ, ಅಮೆರಿಕದಲ್ಲಿ ಹೀಗಾಯಿತು, ಎಂದು ಹೇಳುತ್ತಿದ್ದರು, ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಾನು ಹೈಸ್ಕೂಲು ಮುಗಿಸಿ ಮುಂದೆ ಓದಲಿಲ್ಲ. ಎಂಜಿನಿಯರುಗಳ, ಡಾಕ್ಟರುಗಳ ಆ ನೆಂಟರಿಷ್ಟರ ನಡುವೆ ಮನೆಗಳಿಗೆ ಬಣ್ಣ ಬಳಿಯುವವನಾದೆ, ಕೈ ಚೆನ್ನಾಗಿತ್ತು. ಲಾಸ್ ಗ್ಯಾಟೋಸ್‌ನ ಗುಡ್ಡದ ಮನೆಗಳಿಗೆ, ಸ್ಯಾನ್ ಫ್ರಾನ್ಸಿಸ್ಕೋದ ಕಿರಿದಾದ ಎತ್ತರದ ಮನೆಗಳಿಗೆ ಮೂವತ್ತೈದು ವರ್ಷ ಬಳಿದಿದ್ದೇನೆ. ಆ ಈರುಳ್ಳಿಯ ಬಣ್ಣವನ್ನು ಬೇರೆ ಬೇರೆ ಇಂಗ್ಲಿಷ್ ಹೆಸರಿನಲ್ಲಿ ಎಷ್ಟೋ ಜನ ಕೇಳಿದ್ದಾರೆ, ಬೆರೆಸಿ ಬಳಿದುಕೊಟ್ಟಿದ್ದೇನೆ. ಬಣ್ಣದ ಕೆಲಸದವರನ್ನು ಮುಂಬಾಗಿಲಿನಿಂದ ಒಳಗೆ ಬಿಡುವ ಮನೆಗಳು ಕಡಿಮೆ. ಪಕ್ಕದಿಂದಲೋ ಗರಾಜಿನಿಂದಲೋ ಬರಬೇಕು. ಅದನ್ನು ನಾನು ಶಿಕ್ಷೆ ಎಂದು ಹೇಳುವುದಿಲ್ಲ. ಸಂಬಳ ತೆಗೆದುಕೊಂಡು ಮಾಡಿದ್ದು ಶಿಕ್ಷೆಯಾಗುವುದಿಲ್ಲ. ಅಣ್ಣನಿಗಾಗಲಿ ಅಮ್ಮನಿಗಾಗಲಿ ನಾನು ಕೊನೆಯವರೆಗೂ ಹೇಳಲಿಲ್ಲ. ಹೇಳಲು ಒಂದು ದಿನ ಇತ್ತು, ಅದನ್ನು ಹೇಳಿ ಮುಗಿಸುತ್ತೇನೆ.

ಅವಳು ಹೊರಟದ್ದು ಒಂದು ಭಾನುವಾರ. ಅಣ್ಣ ಕೊನೆಯ ಸಲವೆಂದು ಮುಂಬಾಗಿಲು ತೆರೆದು ಹಿಡಿದುಕೊಂಡು ನಿಂತರು. ಪೆಟ್ಟಿಗೆ ಆಗಲೇ ಕಾರಿನಲ್ಲಿದೆಯಲ್ಲೋ, ಸುತ್ತಿಕೊಂಡು ಯಾಕೆ ಬರಲಿ, ಎಂದು ಅವಳು ಗರಾಜಿನಿಂದಲೇ ಹೋಗಿ ಕಾರು ಹತ್ತಿದಳು. ಸ್ಯಾನ್ ಫ್ರಾನ್ಸಿಸ್ಕೋದ ವಿಮಾನ ನಿಲ್ದಾಣದಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು, ಓದೋದು ಬಿಡ್ಬೇಡ ಮಗು, ಎಂದಳು. ಮನೆಗೆ ಬಂದು ನಾನು ನನ್ನ ಕೋಣೆಗೆ ಹೋದೆ, ಬಾಗಿಲು ಹಾಕಿಕೊಂಡೆ. ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದ್ದಳು. ಕಾರ್ಪೆಟ್ಟಿನ ಮೇಲೆ ಅದರ ಅಗಲಕ್ಕೆ ಒಂದು ಗುರುತು ಬಿದ್ದಿತ್ತು. ಈಗ ನಾಲ್ಕೂ ಖಾನೆ ನನ್ನವು ಎಂದು, ಕೆಳಗಿನದಕ್ಕೆ ಬಟ್ಟೆ ತುಂಬಲು ಎಳೆದೆ.

ಖಾನೆಯನ್ನು ಒರೆಸಿ ಹೊಸ ಕಾಗದ ಹಾಸಿದ್ದಳು. ನಡುವೆ ಆ ಪೊಟ್ಟಣ ಇತ್ತು. ಒದ್ದೆಯಾಗಿರಲಿಲ್ಲ. ಹೂ ಕಟ್ಟುವ ದಾರ ಹಾಗೇ ಇತ್ತು. ಮೂರು ಸುತ್ತು, ನಡುವೆ ತೂರಿಸಿ ಎಳೆದದ್ದು. ನಮ್ಮ ಮನೆಯಲ್ಲಿ ಆ ಗಂಟು ಹಾಕಲು ಅವಳೊಬ್ಬಳಿಗೇ ಬರುತ್ತಿದ್ದುದು. ಅಂಗಡಿಯವನು ಬಿಚ್ಚಿ ನೋಡಿದ ಎಂದು ನಾನು ಹೇಳಿದಾಗ ಅವಳು ಹಾಲಿನಲ್ಲಿ ನಿಂತಿದ್ದಳು. ಸೋಮವಾರ ಮೆಷಿನ್ನಿನ ಮುಂದೆ ನಿಂತು ನನ್ನ ಜೇಬಿನಿಂದ ಇದನ್ನು ತೆಗೆದಿದ್ದಳು. ಶನಿವಾರ ಅಣ್ಣ ಬೀಗದ ಕೈ ಎತ್ತಿಕೊಂಡಾಗ, ಬಿಸಾಕಿದೆ ಎಂದಿದ್ದಳು.

ಗರಾಜಿನಿಂದ ಅಣ್ಣ ಕರೆದರು. ಕಾರು ತೊಳೆಯಬೇಕಿತ್ತು, ಅವರಿಗೆ ಕೈಗೆ ಏನಾದರೂ ಕೆಲಸ ಬೇಕಿತ್ತು. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಅಡುಗೆಮನೆ ದಾಟಿ, ಆ ಸಣ್ಣ ಬಾಗಿಲಿನಿಂದ ಗರಾಜಿಗೆ ಇಳಿದೆ. ಅಣ್ಣ ಬಕೆಟ್ಟಿಗೆ ನೀರು ಬಿಟ್ಟುಕೊಂಡು, ಅವಳು ಗೃಹಪ್ರವೇಶದ ದಿನ ಕೂತಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿದರು. ನನ್ನ ಕೈ ಜೇಬಿನ ಮೇಲೆ ಇದ್ದುದನ್ನೂ ನೋಡಿದರು.

"ಏನೋ ಅದು, ಜೇಬಲ್ಲಿ?"

"ಏನಿಲ್ಲ ಅಣ್ಣ," ಎಂದೆ. ಬಕೆಟ್ಟು ಎತ್ತಿಕೊಂಡೆ.